ಬಬಿಯಾ ಏನು ತಿನ್ನುತ್ತಿತ್ತು, ಭಾವ ಏನು ಹೇಳುತ್ತಿದ್ದರು

ಪೆರ್ಲ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮನೆ ಒಕ್ಕಲಿನ ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾಗ ಕಾಸರಗೋಡಿನ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆಯ ಮಾತು ಬಂತಂತೆ. ಅದು ಬರೀ ನೈವೇದ್ಯ ತಿಂದು ಬದುಕಿದ ಸಸ್ಯಾಹಾರಿ ಎಂದು ಭಾವ ಹೇಳಿದರಂತೆ. “ಮೊಸಳೆ ಎಲ್ಲಾದರೂ ಸಸ್ಯಾಹಾರಿ ಆದೀತಾ ಎಂದು ಕೇಳಿದೆ. ಭಾವನಿಗೆ ಸಿಟ್ಟು ಬಂತು. ಹತ್ತನೇ ಕ್ಲಾಸು ದಾಟದವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಎಂದು ನಾನೂ ಹೇಳಿಬಿಟ್ಟೆ. ನಾಲ್ಕು ತಿಂಗಳಿಂದ ಮಾತಿಲ್ಲ. ನನ್ನ ವಾದ ಸರಿ ಇದ್ದೂ ನಾನು ಸೋತದ್ದು ಹೇಗೆ? ಇನ್ನು ಸುಮ್ಮನಿರುವುದೇ ಒಳ್ಳೆಯದಾ?” ಎಂಬುದು ಅವರ ಪ್ರಶ್ನೆ.

ಸುಮ್ಮನಿರಬೇಡಿ ಮಾರಾಯ್ರೆ. ಆದರೆ ನಿಮ್ಮ ವಾದ ಸರಿ ಇತ್ತು ಎಂಬುದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಒಂದು ವಾದ ಎಂದು ಬರೆದಿದ್ದೀರಿ. ಪತ್ರ ಓದುತ್ತಾ ಹೋದರೆ ನಾಲ್ಕು ಸಿಗುತ್ತವೆ. ಬಬಿಯಾ ದೇವಸ್ಥಾನದ ನೈವೇದ್ಯ ತಿನ್ನುತ್ತಿತ್ತು ಎಂಬುದು ಒಂದು. ಇದರಲ್ಲಿ ಜಗಳಕ್ಕೆ ಜಾಗವೇ ಇಲ್ಲ, ಸಾವಿರಾರು ಜನ ಕಣ್ಣಾರೆ ನೋಡಿದ್ದಾರೆ. ಅದು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ ಎಂಬುದು ಎರಡನೆಯದು. ಇದಕ್ಕೆ ರಾತ್ರಿ ಹಗಲು ಕೆರೆ ಕಾದವರು ಬೇಕು. “ತಿಂದದ್ದನ್ನು ಯಾರೂ ನೋಡಿಲ್ಲ” ಎನ್ನುವುದಕ್ಕೂ “ತಿನ್ನಲೇ ಇಲ್ಲ” ಎನ್ನುವುದಕ್ಕೂ ನಡುವೆ ಒಂದು ಇಡೀ ಕೆರೆಯಷ್ಟು ಅಂತರ ಉಂಟು. ಭಾವ ಅದನ್ನು ಒಂದೇ ಹಾರಿಗೆ ದಾಟಿದರು. ಅಲ್ಲಿ ಅವರನ್ನು ನಿಲ್ಲಿಸಿ ಕೇಳಬಹುದಿತ್ತು.

ನೀವೂ ಹಾರಿದ್ದೀರಿ. ಮೊಸಳೆಯ ಹಲ್ಲು ನೋಡಿದರೆ ಗೊತ್ತಾಗುವುದಿಲ್ಲವಾ ಎಂದು ಕೇಳಿದಿರಂತೆ. ಮೊಸಳೆ ಮೀನು, ಮಾಂಸ ತಿನ್ನುವ ಪ್ರಾಣಿ, ಸರಿ. ಆದರೆ ಜಾತಿಯ ಗುಣ ಹೇಳಿದ ಮಾತ್ರಕ್ಕೆ ಈ ಒಂದು ಪ್ರಾಣಿಯ ಊಟ ಸಾಬೀತಾಗುವುದಿಲ್ಲ. ಹೆಚ್ಚೆಂದರೆ, ತಿಂದಿರುವ ಸಂಭವ ಜಾಸ್ತಿ ಎನ್ನಬಹುದು. ನಮ್ಮ ಮನೆಯಲ್ಲೊಂದು ನಾಯಿ ಇತ್ತು. ಗಂಜಿ, ಮಜ್ಜಿಗೆ ಅನ್ನದಲ್ಲೇ ಬೆಳೆದದ್ದು. ಅದು ಶುದ್ಧ ಸಸ್ಯಾಹಾರಿ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ರಾತ್ರಿ ಟಾರ್ಚ್ ಹಿಡಿದು ಹಟ್ಟಿಯ ಹಿಂದೆ ಹೋದರೆ ಬಾಯಲ್ಲಿ ಹೆಗ್ಗಣ! ಅಜ್ಜಿ ಹೇಳಿದ್ದು ಸುಳ್ಳಲ್ಲ. ಅವರು ನೋಡಿದ್ದು ಹಗಲಿನ ಊಟ ಮಾತ್ರ.

ಮೂರನೆಯದು, ಅದು ಯಾರಿಗೂ ತೊಂದರೆ ಕೊಡಲಿಲ್ಲ ಎಂಬ ಭಾವನ ಮಾತು. ಇರಲಿ. ಕಚ್ಚದ್ದು ಬೇರೆ, ತಿನ್ನದ್ದು ಬೇರೆ. ನಾಲ್ಕನೆಯದು ಪ್ರಾಯ. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಕೆರೆಯ ಮೊಸಳೆಗೆ ಗುಂಡು ಹೊಡೆದ, ಕೆಲವೇ ದಿನದಲ್ಲಿ ಇನ್ನೊಂದು ಕಾಣಿಸಿತು ಎಂದು ಊರಲ್ಲಿ ಹೇಳುತ್ತಾರೆ. ಅದೇ ಇದು ಎಂದು ಹಿಡಿದು ಎಪ್ಪತ್ತು ದಾಟಿತ್ತು ಎಂಬ ಲೆಕ್ಕ. ಬಬಿಯಾ ಹೋದದ್ದು 2022ರ ಅಕ್ಟೋಬರಿನಲ್ಲಿ. 2023ರ ನವೆಂಬರಿನಲ್ಲಿ ಕೆರೆಯಲ್ಲಿ ಮತ್ತೊಂದು ಮೊಸಳೆ ಕಂಡಿತು. ಹಾಗಾದರೆ ನಡುವಿನ ವರ್ಷಗಳಲ್ಲೂ ಹೀಗೆ ಒಂದು ಹೋಗಿ ಇನ್ನೊಂದು ಬಂದಿರಬಹುದಲ್ವಾ? ಇಂಥ ಪ್ರಶ್ನೆಯನ್ನು ಭಾವನ ಜೊತೆ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಕೇಳಬಹುದಿತ್ತು. ಯಾರ ಮರ್ಯಾದೆಗೂ ಧಕ್ಕೆ ಇರಲಿಲ್ಲ.

ನೀವು ಸೋತದ್ದು ಹತ್ತನೇ ಕ್ಲಾಸಿನ ಮಾತಿನಲ್ಲಿ. ಅಲ್ಲಿಯವರೆಗೆ ವಿಷಯ ಮೊಸಳೆಯದ್ದಾಗಿತ್ತು, ಅಲ್ಲಿಂದ ಮುಂದೆ ಭಾವನದ್ದಾಯಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮಗೆ ಹತ್ತಿರ. ಮಳೆಗಾಲದಲ್ಲಿ ಎಷ್ಟು ತಾಳಮದ್ದಳೆ ಕೇಳಿದ್ದೀರೋ. ವಾಲಿ ಬಾಣ ತಿಂದು ಬಿದ್ದು ರಾಮನನ್ನು ಪ್ರಶ್ನಿಸುವ ಭಾಗವನ್ನು ನೆನಪಿಸಿಕೊಳ್ಳಿ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥಕ್ಕೆ, ಅಂದರೆ ವಾಲಿಯಾಗಿ ಆಡುವ ಮಾತಿಗೆ, ಹೆಸರಾದವರು. ವೇಷವಿಲ್ಲ, ಕುಣಿತವಿಲ್ಲ, ಎದುರು ಬದುರು ಕೂತು ಬರೀ ಮಾತು. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ ಸಭೆಗೆ ಒಂದು ಗಳಿಗೆ ರಾಮನ ಮೇಲೇ ಸಂಶಯ ಬರಬೇಕು. ವಾಲಿಯ ಪ್ರಶ್ನೆಯನ್ನು ಸಣ್ಣದು ಮಾಡಿ ಉತ್ತರ ಕೊಡುವ ರಾಮನನ್ನು ನಮ್ಮ ಊರಿನವರು ಮೆಚ್ಚುವುದಿಲ್ಲ. ಭಾಗವತರು ಹಾಡಿದ ಪದ್ಯ ಬಿಟ್ಟು ಎಲ್ಲೆಲ್ಲೋ ಹೋದರೂ ಹಿಂದಿನ ಸಾಲಿನಲ್ಲಿ ಕೆಮ್ಮು ಶುರುವಾಗುತ್ತದೆ! ನಿಮ್ಮ ಜಗಲಿಯಲ್ಲಿ ಪದ್ಯ ಹಾಡುವವರಿರಲಿಲ್ಲ, ಅದೇ ಕಷ್ಟ.

ಆದರೆ ತಾಳಮದ್ದಳೆಯನ್ನೂ ಪೂರ್ತಿ ನಂಬಬೇಡಿ. ಅಲ್ಲಿ ಕಥೆಯ ಕೊನೆ ಮೊದಲೇ ಗೊತ್ತು. ವಾಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಬದುಕುವುದಿಲ್ಲ, ಬಿಟ್ಟ ಬಾಣವನ್ನು ರಾಮ ವಾಪಸು ತೆಗೆದುಕೊಳ್ಳುವುದಿಲ್ಲ. ಮನೆಯ ಮಾತಿನಲ್ಲಿ ಹಾಗಾದರೆ ಮಾತಾಡಿ ಏನು ಫಲ? ಯಾವ ಸಂಗತಿ ತೋರಿಸಿದರೆ ನಾನು ಹೌದು ಎನ್ನುತ್ತೇನೆ ಎಂದು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ರಾತ್ರಿ ಕೆರೆ ಕಾದವರೊಬ್ಬರು ಬಂದು, ಮೀನು ಹತ್ತಿರ ಬಂದರೂ ಅದು ಬಾಯಿ ತೆರೆಯಲಿಲ್ಲ ಎಂದರೆ ನೀವು ಕೇಳುತ್ತಿದ್ದಿರಾ? ಇಲ್ಲ ಎಂದಾದರೆ ನಿಮಗೂ ಭಾವನಿಗೂ ಅಷ್ಟೇನೂ ವ್ಯತ್ಯಾಸ ಇಲ್ಲ.

ನನಗೆ ಅನಿಸುವುದು ಇನ್ನೊಂದು. ಬಬಿಯಾ ಹೋದ ಮರುದಿನ ಅಂತಿಮ ದರ್ಶನಕ್ಕೆ ಹೋಗಿ ಬಂದು ಭಾವ ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ನೀವೇ ಬರೆದಿದ್ದೀರಿ. ಅವರು ಊಟದ ಪಟ್ಟಿಯ ಮೇಲೆ ವಾದ ಮಾಡುತ್ತಿದ್ದರಾ? ಚಿಕ್ಕಂದಿನಿಂದ ಕಂಡ ಒಂದು ಜೀವಕ್ಕಾಗಿ ಬೇಜಾರು ಮಾಡಿಕೊಂಡವರಿಗೆ ನೀವು ಹಲ್ಲಿನ ಲೆಕ್ಕ ಹೇಳಿದಿರಿ. ಹಲ್ಲಿನ ಲೆಕ್ಕ ತಪ್ಪಲ್ಲ. ಆದರೆ ಅವರು ಅದನ್ನು ಕೇಳಿರಲಿಲ್ಲ.

ನಾಲ್ಕು ಪುಟದಲ್ಲಿ ಭಾವನ ಮಾತಿಗೆ ಕೊಟ್ಟದ್ದು ಒಂದೂವರೆ ಸಾಲು. ಒಮ್ಮೆ ಅವರ ಮನೆಗೆ ಹೋಗಿ. ಹತ್ತನೇ ಕ್ಲಾಸಿನ ಮಾತಿಗೆ ಮೊದಲು ತಪ್ಪಾಯಿತು ಎನ್ನಿ. ಆಮೇಲೆ ಅವರ ವಾದವನ್ನು ಅವರೇ ಓದಿ “ಹೌದು, ನಾನು ಹೇಳಿದ್ದು ಇದೇ” ಎನ್ನುವ ಹಾಗೆ ಒಂದು ಪುಟ ಬರೆದು ಕಳಿಸಿ. ನಿಮ್ಮ ಪತ್ರದ ಪಕ್ಕದಲ್ಲೇ ಅಚ್ಚು ಹಾಕೋಣ.

— ಸಂ.