ಮನೆಯಲ್ಲಿ ಕೂರುತ್ತದೆ, ಬೀದಿಯಲ್ಲಿ ಎಳೆಯುತ್ತದೆ

ನಿಮ್ಮ 8 ತಿಂಗಳ ಲ್ಯಾಬ್ರಡಾರ್ ನಾಯಿ ಮನೆಯಲ್ಲಿ 'ಸಿಟ್' ಅಂದರೆ ಕೂತು, ಬೀದಿಯಲ್ಲಿ ಬೆಲ್ಟ್ ಎಳೆಯುವುದು ಹಟ ಅಲ್ಲ. ಹೊರಗಿನ ವಾಸನೆ, ಬೀದಿನಾಯಿಗಳ ನಡುವೆ ಆ ಮಾತು ಕೇಳುವುದನ್ನು ಅದಿನ್ನೂ ಕಲಿತಿಲ್ಲ, ಅಷ್ಟೇ. ಮೊದಲು ಬೆಲ್ಟ್ ಹಾಕಿ ಮನೆಯೊಳಗೇ ಕೂರಿಸಿ. ಆಮೇಲೆ ಗೇಟಿನ ಹತ್ತಿರ, ಕೊನೆಗೆ ಖಾಲಿ ರಸ್ತೆಯಲ್ಲಿ. ಊಟಕ್ಕೆ ಮುಂಚೆ 5 ನಿಮಿಷ ಸಾಕು. ಒಂದೇ ಸಲ ಹೇಳಿ. ಕೂತ ತಕ್ಷಣ ಬೇಯಿಸಿದ ಚಿಕನ್ ಚೂರು ಕೊಡಿ. ತಡವಾದರೆ ಯಾತಕ್ಕೆ ಸಿಕ್ಕಿತು ಅಂತ ಅದಕ್ಕೆ ಗೊತ್ತಾಗಲ್ಲ. ಎಳೆದರೆ ನಿಂತುಬಿಡಿ, ಬೆಲ್ಟ್ ಸಡಿಲವಾದ ಮೇಲೆ ಹೆಜ್ಜೆ ಇಡಿ. ಮನೆಯವರೆಲ್ಲ ಹೀಗೇ ಮಾಡಬೇಕು, ಒಬ್ಬರು ಎಳೆಯಲು ಬಿಟ್ಟರೂ ಕೆಡುತ್ತದೆ. ಎಳೆದರೆ ಕುತ್ತಿಗೆಗೆ ಬಿಗಿಯುವ ಚೋಕ್ ಚೈನ್ ದಯವಿಟ್ಟು ಬೇಡ, ಕುತ್ತಿಗೆಗೆ ಪೆಟ್ಟಾಗಬಹುದು. ಚಿಕನ್ ಕೂಡ ಮೂಸದಿದ್ದರೆ ಬಹುಶಃ ಹೆದರಿದೆ. ಗಲಾಟೆಯಿಂದ ಇನ್ನಷ್ಟು ದೂರ ಹೋಗಿ ಶುರು ಮಾಡಿ.