ಯೇಸು ಸತ್ತು ಮತ್ತೆ ಎದ್ದ ಅನ್ನೋದಕ್ಕೆ ಚರಿತ್ರೆಯಲ್ಲಿ ಆಧಾರ ಇದ್ಯಾ?

ಬೈಬಲ್‌ನಲ್ಲಿದೆ ಅನ್ನೋದು ಬಿಟ್ಟು ಬೇರೆ ಆಧಾರ ಹೇಳಿ ಅಂತ ಕೇಳಿದೀರ. ನಾನು ನಂಬೋನು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ಬೈಬಲ್ ಪೂರ್ತಿ ಪಕ್ಕಕ್ಕಿಟ್ರೆ ಮಾತಾಡೋಕೆ ಏನೂ ಉಳಿಯಲ್ಲ, ರೋಮ್‌ನ ಇತಿಹಾಸಕಾರ ಟಾಸಿಟಸ್ ಬರೆದಿರೋದು ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯ್ತು ಅನ್ನೋವರೆಗೆ ಅಷ್ಟೆ. ಹಾಗಾಗಿ ಬೈಬಲ್‌ನಲ್ಲಿರೋ, ಆ ಕಾಲದ ಕ್ರೈಸ್ತ ಬೋಧಕ ಪೌಲನ ಪತ್ರಗಳನ್ನ ಪವಿತ್ರ ಗ್ರಂಥ ಅಂತ ಅಲ್ದೆ ಬರೀ ಹಳೇ ದಾಖಲೆ ಅಂತ ಓದೋಣ.

ಎಲ್ರೂ ಖಾಲಿ ಸಮಾಧಿಯಿಂದ ಶುರು ಮಾಡ್ತಾರೆ, ಅಂದ್ರೆ ಯೇಸುವಿನ ಸಮಾಧಿ ಖಾಲಿ ಇದ್ದಿದ್ದನ್ನ ಮೊದಲು ಹೆಂಗಸರು ನೋಡಿದ್ರು ಅನ್ನೋ ಬೈಬಲ್ ಕಥೆಯಿಂದ. ಕಟ್ಟುಕಥೆ ಆಗಿದ್ರೆ ಆ ಕಾಲದಲ್ಲಿ ಅಷ್ಟಾಗಿ ಬೆಲೆ ಕೊಡದ ಹೆಂಗಸರ ಸಾಕ್ಷಿನ ಮೊದಲು ಯಾಕೆ ತರ್ತಿದ್ರು ಅನ್ನೋ ವಾದ ಚೆನ್ನಾಗೇ ಇದೆ, ಆದ್ರೆ ಸಮಾಧಿ ಖಾಲಿ ಆಗೋಕೆ ನೂರು ಕಾರಣ ಇರ್ಬೋದಲ್ವಾ.

ನನಗೆ ಗಟ್ಟಿ ಅನ್ಸೋದು ಯೇಸುವಿನ ತಮ್ಮ ಯಾಕೋಬನ ವಿಷ್ಯ. ಯೇಸು ಊರೂರು ಸುತ್ತಿ ಬೋಧನೆ ಮಾಡ್ತಿದ್ದಾಗ ಮನೆಯವ್ರೇ ಇವನಿಗೆ ತಲೆ ಕೆಟ್ಟಿದೆ ಅಂತ ಹಿಡ್ಕೊಂಡು ಹೋಗೋಕೆ ಬಂದ್ರು ಅಂತ ಮಾರ್ಕನ ಸುವಾರ್ತೆಯಲ್ಲಿದೆ, ತಮ್ಮಂದಿರು ನಂಬ್ಲಿಲ್ಲ ಅಂತ ಯೋಹಾನನ ಸುವಾರ್ತೆಯಲ್ಲೂ ಇದೆ, ತಮ್ಮ ಗುರುವಿನ ಮನೆಯ ಮರ್ಯಾದೆ ಕಳೆಯೋ ಇಂಥ ಮಾತನ್ನ ಯಾರೂ ಸುಮ್ನೆ ಹುಟ್ಟಿಸಲ್ಲ. ಅದೇ ಯಾಕೋಬ ಆಮೇಲೆ ಯೆರೂಸಲೇಮ್‌ನ ಕ್ರೈಸ್ತ ಸಭೆಗೇ ಹಿರಿಯ ಆಗ್ತಾನೆ, ಕ್ರಿ.ಶ. 62ರಲ್ಲಿ ಅವನನ್ನ ಕಲ್ಲು ಹೊಡೆದು ಕೊಂದ್ರು ಅಂತ ಬರೆದಿರೋದು ಕ್ರೈಸ್ತನಲ್ಲದ ಯೆಹೂದಿ ಇತಿಹಾಸಕಾರ ಜೋಸೆಫಸ್. ಮಧ್ಯೆ ಏನಾಯ್ತು? ಸುಮಾರು 55ರಲ್ಲಿ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಸತ್ತು ಎದ್ದ ಯೇಸು ಯಾರ್ಯಾರಿಗೆ ಕಾಣಿಸಿಕೊಂಡ ಅನ್ನೋ ಪಟ್ಟಿಯಲ್ಲಿ "ಯಾಕೋಬನಿಗೆ ಕಾಣಿಸಿಕೊಂಡ" ಅಂತಿದೆ. ಇದು ಗಾಳಿಸುದ್ದಿನೂ ಅಲ್ಲ, ಪೌಲ ಯೇಸುವಿನ ಶಿಷ್ಯ ಪೇತ್ರನ ಜೊತೆ 15 ದಿನ ಇದ್ದು ಯಾಕೋಬನನ್ನೂ ಕಂಡು ಬಂದೆ ಅಂತ ಗಲಾತ್ಯದವರಿಗೆ ತಾನೇ ಬರೀತಾನೆ.

ಅದೇ ಪಟ್ಟಿಯಲ್ಲಿ 500ಕ್ಕಿಂತ ಹೆಚ್ಚು ಜನರಿಗೆ ಒಟ್ಟಿಗೆ ಕಾಣಿಸಿಕೊಂಡ ಅಂತಾನೂ ಇದೆ, ಯೂಟ್ಯೂಬ್‌ನಲ್ಲಿ ಅದನ್ನೇ ಜೋರಾಗಿ ಹೇಳ್ತಾರೆ, ನಾನು ಹೇಳಲ್ಲ. ಅವ್ರಲ್ಲಿ ಒಬ್ಬರ ಹೆಸ್ರೂ ಇಲ್ಲ, ಊರೂ ಇಲ್ಲ.

ದುಃಖದಲ್ಲಿ ಭ್ರಮೆ ಆಗಿರ್ಬೋದು ಅಂತೀರ, ಜರ್ಮನಿಯ ಗೆರ್ಡ್ ಲ್ಯೂಡೆಮನ್ ಅನ್ನೋ ವಿದ್ವಾಂಸರೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದು. ಪೇತ್ರನಿಗೆ ಅದು ಹೊಂದುತ್ತೆ, ಒಪ್ತೀನಿ. ಆದ್ರೆ ಪೌಲ ತನಗೂ ಯೇಸು ಕಾಣಿಸಿಕೊಂಡ ಅಂತಾನೆ, ಅದಕ್ಕೆ ಮೊದ್ಲು ಕ್ರೈಸ್ತ ಸಭೆನ ಹುಡುಕಿ ಹುಡುಕಿ ಹಿಂಸೆ ಕೊಡ್ತಿದ್ದ ಅವನಿಗೆ ಯೇಸು ಸತ್ತಿದ್ದಕ್ಕೆ ಯಾವ ದುಃಖ? ಒಳಗೊಳಗೇ ಪಾಪಪ್ರಜ್ಞೆ ಇತ್ತು ಅಂತ ಲ್ಯೂಡೆಮನ್ ಉತ್ತರ ಕೊಟ್ಟಿದ್ರು, ಪೌಲನ ಪತ್ರ ಓದಿದ್ರೆ ನನಗಂತೂ ಹಾಗೆ ಕಾಣಲ್ಲ.

ಇನ್ನು ಇದನ್ನ ಒಪ್ಪಿದ್ರೆ ಮತಾಂತರ ಆಗ್ಬೇಕಾ ಅಂತ ಕೇಳಿದ್ರಿ. ಪಿಂಕಾಸ್ ಲಾಪಿಡೆ ಅನ್ನೋ ಯೆಹೂದಿ ವಿದ್ವಾಂಸರು ಯೇಸು ಎದ್ದಿದ್ದು ನಿಜ ಅಂತಾನೇ ಬರೆದ್ರು, ಕೊನೆವರೆಗೂ ಯೆಹೂದಿಯಾಗೇ ಇದ್ರು.