ಶಬ್ಬಾತ್: ಇಷ್ಟೆಲ್ಲ 'ಬಾರದು'ಗಳ ನಡುವೆ ಖುಷಿ ಎಲ್ಲಿ?

ಸ್ವಿಚ್ ಒತ್ತಬಾರದು, ಒಲೆ ಹಚ್ಚಬಾರದು, ಬರೆಯಬಾರದು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಇಂಥ ವಾರದ ವಿಶ್ರಾಂತಿ ದಿನ, ಶಬ್ಬಾತ್, ಯಹೂದಿಗಳಿಗೆ ಅದೇನು ಸಂತೋಷ ಎಂದು ಕೇಳಿದ್ದೀರಿ. ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಶ್ನಾದಲ್ಲಿ 39 ಬಗೆಯ ಕೆಲಸಗಳಿಗೆ ನಿಷೇಧವಿದೆ, ನಿಜ. ಆದರೆ ಆ ಪಟ್ಟಿ ಬಿಟ್ಟು ಶುಕ್ರವಾರದ ಮಧ್ಯಾಹ್ನವನ್ನು ನೋಡಿ.

ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲು (ಜೆರುಸಲೇಮಿನಲ್ಲಿ 40) ದೀಪ ಹಚ್ಚುತ್ತಾರೆ. ಅಷ್ಟರೊಳಗೆ ಅಡುಗೆ, ಸ್ನಾನ, ಗುಡಿಸಿ ಒರೆಸುವುದು ಎಲ್ಲ ಮುಗಿಯಬೇಕು. ಥೇಟ್ ನಮ್ಮ ಹಬ್ಬದ ಮನೆಯ ಗಡಿಬಿಡಿ, ಅದೂ ವಾರವಾರ! ಕಾಳು, ಆಲೂಗಡ್ಡೆ, ಮಾಂಸ ಹಾಕಿದ ಹಮೀನ್ ಎಂಬ ಅಡುಗೆ ರಾತ್ರಿಯಿಡೀ ಸಣ್ಣ ಶಾಖದಲ್ಲಿ ಬೇಯುತ್ತದೆ. ಶಬ್ಬಾತ್‌ನಲ್ಲಿ ಅಡುಗೆ ಮಾಡಬಾರದೆಂಬ ನಿಯಮವೇ ಹುಟ್ಟಿಸಿದ ರುಚಿ ಅದು. ಸಂಜೆ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ, 16ನೇ ಶತಮಾನದಲ್ಲಿ ಈಗಿನ ಇಸ್ರೇಲಿನ ಸಫೇದ್ ಊರಿನಲ್ಲಿ ಹುಟ್ಟಿದ ಹಾಡೊಂದನ್ನು ಹಾಡುತ್ತಾರೆ. ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗಿ ಬಾಗುತ್ತಾರೆ, ಮದುಮಗಳು ಬಂದಳೆಂದು. ಆ ಮದುಮಗಳೇ ಶಬ್ಬಾತ್.

ಇನ್ನೊಂದು ಮಾತು. ಶಬ್ಬಾತ್ ಅನ್ನು 'ಓನೆಗ್', ಅಂದರೆ ಆನಂದ ಎಂದು ಕರೆಯಬೇಕೆಂದು ಹೀಬ್ರೂ ಬೈಬಲಿನ ಯೆಶಾಯನ ಗ್ರಂಥವೇ ಹೇಳುತ್ತದೆ. ಹಾಗಾಗಿ ಒಳ್ಳೆಯ ಊಟ, ಒಳ್ಳೆಯ ಬಟ್ಟೆ ಅಲ್ಲಿ ಭೋಗವಲ್ಲ, ವ್ರತದ ಭಾಗ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಬಿಟ್ಟರೆ ಬೇರಾವ ಸಾರ್ವಜನಿಕ ಉಪವಾಸವನ್ನೂ ಶಬ್ಬಾತ್ ದಿನ ಆಚರಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಶನಿವಾರ ರಾತ್ರಿ ಶಬ್ಬಾತ್‌ಗೆ ವಿದಾಯ ಹೇಳುವ ವಿಧಿ, ಹವ್ದಾಲಾ. ಹೆಣೆದ ಮೇಣದಬತ್ತಿ, ದ್ರಾಕ್ಷಾರಸ, ಜೊತೆಗೆ ಲವಂಗದಂಥ ಮಸಾಲೆಯ ಪರಿಮಳ. ಶಬ್ಬಾತ್ ಹೊರಟುಹೋದ ಬೇಸರಕ್ಕೆ ಆತ್ಮಕ್ಕೊಂದು ಸಮಾಧಾನವಂತೆ ಅದು. ಯಾರಾದರೂ ಊಟಕ್ಕೆ ಕರೆದರೆ ಹೋಗಿಬನ್ನಿ, ಫೋನ್ ಮಾತ್ರ ಮನೆಯಲ್ಲೇ ಇಟ್ಟು.